ಒಂದು ಬುಟ್ಟಿ ಮಣ್ಣು ಜಾಸ್ತಿ

ರಾಮದುರ್ಗದಿಂದ ಬಂದವನ ನಕಲು ಮಾಡಲು ನನಗೆ ಆಗಲಿಲ್ಲ. ಹೊಟ್ಟೆಯುರಿ ಶುರುವಾಗಿದ್ದೇ ಅಲ್ಲಿಂದ.

ನಮ್ಮದು ಬೈಲಹೊಂಗಲದ ಬಜಾರದಲ್ಲಿ ಮಹಡಿ ಮೇಲಿನ ಸಣ್ಣ ಆಫೀಸು. ಹಳೆಯ ಮನೆ, ವಾಡೆ, ಮಠಗಳ ಅಳತೆ ತೆಗೆದು ನಕ್ಷೆ ಬರೆಯುವುದು, ದುರಸ್ತಿ ಹೇಗೆ ಮಾಡಬೇಕೆಂದು ಹೇಳುವುದು ಕೆಲಸ. ಸಾಹೇಬರು ಇಂಜಿನಿಯರು, ನಾನು ನಕ್ಷೆ ಬರೆಯುವವನು. ಯಾರ ದನಿಯಾದರೂ ಎರಡು ಸಲ ಕಿವಿಗೆ ಬಿದ್ದರೆ ಮೂರನೇ ಸಲಕ್ಕೆ ನನ್ನ ಬಾಯಿಂದ ಬರುತ್ತದೆ. ಸಾಹೇಬರು ಫೋನಿನಲ್ಲಿ ಗಿರಾಕಿಗೆ "ಆಗ್ತದ್ರಿ, ಆಗ್ತದ, ಆದ್ರ ಈಗ ಆಗೂದಿಲ್ಲ" ಅನ್ನುವುದು, ಸವದತ್ತಿ ಬಸ್ಸಿನ ಕಂಡಕ್ಟರು "ಹಿಂದ ಸರೀರಿ, ಹಿಂದ ಇನ್ನಾ ಒಂದು ಊರು ಹಿಡಸ್ತೈತಿ" ಅನ್ನುವುದು ಎಲ್ಲ ನನ್ನ ಬಳಿ ಇತ್ತು. ಕನ್ನಡಿ ಮುಂದೆ ತಲೆ ಬಾಚುವಾಗ ನನ್ನ ಠೀವಿಯನ್ನು ನಾನೇ ಅಣಕಿಸಿ ನಕ್ಕಿದ್ದೂ ಉಂಟು. ಆಫೀಸಿಗೆ ನಾನು ನಕ್ಷೆಗಾಗಿ ಬೇಕಾದವನೋ ನಗೆಗಾಗಿ ಬೇಕಾದವನೋ ಎಂದು ಕೇಳಿಕೊಳ್ಳುವ ಧೈರ್ಯ ಮಾತ್ರ ಮಾಡಿರಲಿಲ್ಲ.

ಅಂಥದರಲ್ಲಿ ರಾಮದುರ್ಗದ ಇವನು ನಕ್ಷೆ ಬರೆಯಲು ಆಫೀಸಿಗೆ ಬಂದ. ಇವನದು ಏನನ್ನು ಅಣಕಿಸಬೇಕು? ಕೇಳಿದರೆ "ಐತ್ರಿ", ಇಲ್ಲದಿದ್ದರೆ "ಇಲ್ರಿ". ಕೆಮ್ಮಿಲ್ಲ, ಗೊಣಗಾಟವಿಲ್ಲ, ನಡಿಗೆಯಲ್ಲೊಂದು ವಾರೆಯೂ ಇಲ್ಲ. "ಇಂವನ ನಕಲು ಮಾಡಾಕ ನಾ ಗ್ವಾಡಿ ಆಗಿ ಹುಟ್ಟಬೇಕು" ಎಂದು ಒಂದು ದಿನ ಎಲ್ಲರ ಮುಂದೆ ಚ್ಯಾಷ್ಟಿ ಮಾಡಿದೆ. ಯಾರೂ ನಗಲಿಲ್ಲ. ಎಲ್ಲರೂ ಅವನು ಬರೆಯುತ್ತಿದ್ದ ಹಾಳೆ ನೋಡುತ್ತಿದ್ದರು. ನಾನು ಕಂಪ್ಯೂಟರಿನವನು; ಅವನು ಪೆನ್ಸಿಲ್ಲಿನವನು. ಅವನು ಬರೆದ ಕಂಬ ಕಟ್ಟಿಗೆಯದೆಂದು ಕಾಣುತ್ತಿತ್ತು, ಕಲ್ಲು ಕಲ್ಲೆಂದು ಕಾಣುತ್ತಿತ್ತು. ಸಾಹೇಬರು ಅವನ ಹಾಳೆಯನ್ನು ಗೋಡೆಗೆ ಅಂಟಿಸಿದರು. ನನ್ನವು ಮೂಲೆಯ ಬಕೆಟ್ಟಿನಲ್ಲಿ ಸುರುಳಿ ಸುತ್ತಿಕೊಂಡು ನಿಂತಿದ್ದವು, ಬಯ್ಸಿಕೊಂಡ ಸಾಲಿ ಹುಡುಗರಂತೆ.

ಬೇಸಿಗೆ ಮುಗಿಯುತ್ತ ಬಂದಾಗ ಸಾಹೇಬರು ಇಬ್ಬರನ್ನೂ ಕರೆದರು.

"ಕಿತ್ತೂರ ಕಡೆ ಒಂದು ದೊಡ್ಡ ವಾಡೆ ಕೆಲಸ ಬಂದೈತಿ. ಅಲ್ಲೇ ನಿಂತು ಎಲ್ಲಾ ನೋಡ್ಕೊಳ್ಳಾಕ ಒಬ್ಬಂವ ಬೇಕು. ಅದಕ್ಕೂ ಮೊದ್ಲು ಚಚಡಿ ಆಚೆ ಒಂದು ಹಳ್ಳ್ಯಾಗ ಜೋಡಿ ವಾಡೆ ಐತಿ, ಒಂದು ತೊಲಿ ಬಾಗೈತಂತ. ಅದರ ನಕ್ಷಾ ಇಬ್ರೂ ತಗೀರಿ. ಯಾರದು ಛಲೋ ಬರತೈತಿ, ಅಂವ ಕಿತ್ತೂರಿಗೆ."

ನಾನು ಅವನ ಮುಖ ನೋಡಿದೆ. ಅವನು ಸಾಹೇಬರಿಗೆ "ಆತ್ರಿ" ಅಂದ. ಆಸೆ ಇದೆಯೋ ಇಲ್ಲವೋ ಅದೂ ಗೊತ್ತಾಗಲಿಲ್ಲ. ಅದು ಇನ್ನೂ ಉರಿ.

ಆ ಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ವಾಡೆ ಎಲ್ಲಿ ಎಂದು ಕೇಳಿದರೆ, ಚಹಾದಂಗಡಿಯವನು, "ಯಾವ ವಾಡೆ ಕೇಳ್ತೀರಿ? ಚಚಡಿ ವಾಡೆ ನೋಡಾಕ ದೂರದೂರಿಂದ ಮಂದಿ ಬರ್ತಾರ. ನಮ್ಮ ವಾಡೆ ನೋಡಾಕ ಮಂಗ್ಯಾ ಬರ್ತಾವು. ಇವತ್ತು ನೀವಿಬ್ರು ಬಂದೀರಿ" ಅಂದ. ಊರಿಗೆ ಊರೇ ಉರಿಯುತ್ತಿದೆ, ನನ್ನದೇನು ಮಹಾ ಎಂದು ಸಮಾಧಾನವಾಯಿತು.

ಜೋಡಿ ವಾಡೆ ಎಂದರೆ ಒಂದೇ ಉದ್ದನೆಯ ಮುಖ, ಒಂದೇ ಕಲ್ಲಿನ ಕಟ್ಟೆ, ಆದರೆ ಮಗ್ಗುಲು ಮಗ್ಗುಲಿಗೆ ಎರಡು ತಲಬಾಗಿಲು. ಎರಡಕ್ಕೂ ಅದೇ ಬಳ್ಳಿಯ ಕೆತ್ತನೆ, ಅದೇ ಹಿತ್ತಾಳೆಯ ಗುಬ್ಬಿ. ಒಳಗೆ ಕಾಲಿಟ್ಟರೆ ಮೊದಲು ತಗ್ಗಿನಲ್ಲಿ ದನ ಕಟ್ಟುವ ಜಾಗ, ಈಗ ಅಲ್ಲಿ ಬೈಕುಗಳು ನಿಂತಿದ್ದವು. ಎದೆಮಟ್ಟದ ಕಟ್ಟೆ ಹತ್ತಿದರೆ ಕಂಬಗಳ ಪಡಸಾಲೆ, ಅದರಾಚೆ ಕತ್ತಲೆಯ ನಡುಮನೆ, ದೇವರ ಮನೆ, ಅಡುಗೆಮನೆ, ಹಿತ್ತಲು. ಎರಡು ಮನೆಗಳ ನಡುವೆ ಮುಂದಿನಿಂದ ಹಿಂದಿನವರೆಗೂ ಒಂದೇ ದಪ್ಪ ಗೋಡೆ. ಅಣ್ಣನ ಮನೆತನದವರು ಎಡಕ್ಕೆ, ತಮ್ಮನ ಮನೆತನದವರು ಬಲಕ್ಕೆ. ಊರಿನವರ ಬಾಯಲ್ಲಿ ದೊಡ್ಡಮನಿ, ಸಣ್ಣಮನಿ. ದೊಡ್ಡಮನಿಗೆ ಒಬ್ಬರು ಅವ್ವಾರು ಯಜಮಾನಿ. ಸಣ್ಣಮನಿಗೆ ಒಬ್ಬ ಕಾಕಾ ಯಜಮಾನ. ಇಬ್ಬರಿಗೂ ತಲೆ ನರೆತಿತ್ತು, ನಾಲಿಗೆ ನರೆತಿರಲಿಲ್ಲ.

ಅವ್ವಾರು ಹೇಳಿದ ಚರಿತ್ರೆ ಇಷ್ಟು: "ದೊಡ್ಡ ಮುತ್ಯಾ ಈ ಮನಿ ಕಟ್ಟಿಸಿದ. ಸಣ್ಣ ಮುತ್ಯಾಗ ಕಣ್ಣು ಕುಕ್ಕಿತು. ಅದ ಬಡಗ್ಯಾನ್ನ ಕರೆಸಿ, ಅಣ್ಣಂದು ಹೆಂಗೈತೋ ಹಂಗ ಕಟ್ಟು ಅಂದ." ಕಾಕಾ ಹೇಳಿದ ಚರಿತ್ರೆಯೂ ಅಕ್ಷರಶಃ ಅದೇ, ಮುತ್ಯಾಗಳು ಮಾತ್ರ ಅದಲುಬದಲು.

ಅವ್ವಾರ ಪಡಸಾಲೆಯಲ್ಲಿ, ನಡುಗೋಡೆಗೆ ಹೊಂದಿ ಬರುವ ತೊಲೆ ಬಾಗಿತ್ತು. ಅದರ ಕೆಳಗಿನ ಕಂಬದ ತಲೆಯ ಮೇಲೆ ಕೂರುವ ಬೋದಿಗೆ ಸೀಳಿತ್ತು. ಸಾಹೇಬರು ಫೋಟೋ ನೋಡಿಯೇ "ವರ್ಲಿ ತಿಂದಿರಬೇಕು, ತೊಲಿ ಬದಲ ಮಾಡೂಣು" ಅಂದಿದ್ದರು. ವರ್ಲಿ ಎಂದರೆ ಗೆದ್ದಲು. ಮಿರಗದ, ಎಂದರೆ ಮೃಗಶಿರಾ ಮಳೆಗೆ ಮೊದಲು ಕೆಲಸ ಆಗಬೇಕಿತ್ತು.

ಮೊದಲ ದಿನವೇ ನನ್ನ ಬಾಯಿ ನನಗೆ ಕೈಕೊಟ್ಟಿತು. ಕಾಕಾ ಮಾತು ಮಾತಿಗೆ "ಹೌದಿಲ್ಲೋ?" ಅನ್ನುವವರು. ಟೇಪು ಹಿಡಿದುಕೊಂಡು ಅವ್ವಾರ ಪಡಸಾಲೆಯಲ್ಲಿ ನಿಂತು, ಎದೆ ಮುಂದೆ ಮಾಡಿ, ಮೀಸೆ ಇಲ್ಲದ ಕಡೆ ಮೀಸೆ ತಿರುವಿ ಶುರು ಮಾಡಿದೆ: "ಈ ಬಾಗಲಾ ನಮ್ಮದ ಮೊದಲಿಂದು, ಹೌದಿಲ್ಲೋ? ಅವರದು ನಮ್ಮದನ್ನ ನೋಡಿ ಮಾಡಿಸಿದ್ದು, ಹೌದಿಲ್ಲೋ?"

ಅವ್ವಾರು ಸೆರಗು ಬಾಯಿಗೆ ತುಂಬಿಕೊಂಡು ನಕ್ಕರು. ಅಷ್ಟರಲ್ಲಿ ಗೋಡೆಯೊಳಗಿಂದ ದನಿ ಬಂತು:

"ಹೌದು! ಮತ್ತ ನೀ ಯಾರ ಮಗನಪಾ?"

ನಡುಗೋಡೆಯಲ್ಲಿ ದೀಪ ಇಡುವ ಮಾಡವೊಂದು ಇತ್ತು, ಎರಡೂ ಕಡೆ ತೆರೆದದ್ದು. ಒಂದೇ ದೀಪ ಎರಡು ಮನೆಗೆ ಬೆಳಕು ಕೊಡಲೆಂದು ಬಡಗಿ ಬಿಟ್ಟದ್ದಂತೆ. ಈಗ ದೀಪ ಇಡುವುದಿಲ್ಲ; ಎರಡೂ ಮನೆಯವರು ತಮ್ಮ ತಮ್ಮ ಕಡೆಯಿಂದ ಒಂದೊಂದು ಇಟ್ಟಂಗಿ ನಿಲ್ಲಿಸಿದ್ದರು. ಬೆಳಕು ನಿಂತಿತ್ತು, ಮಾತು ನಿಂತಿರಲಿಲ್ಲ.

ಸಂಜೆಗೆ ಸಣ್ಣಮನಿಯಿಂದ ಹುಕುಂ ಬಂತು: "ಆ ನಕಲಿ ಮಾಡಾಂವ ನಮ್ಮ ಹೊಸ್ತಿಲಾ ದಾಟೂದು ಬ್ಯಾಡ. ಈ ಸುಮ್ನಿರೋ ಹುಡುಗ ಬರ್ಲಿ."

ಹಾಗಾಗಿ ದೊಡ್ಡಮನಿ ನನಗೆ, ಸಣ್ಣಮನಿ ಅವನಿಗೆ ಎಂದು ಹಂಚಿಕೆಯಾಯಿತು. ಮುತ್ಯಾಗಳ ವಾಟ್ನಿ ನಮ್ಮ ತನಕವೂ ಬಂತು.

ಅಳತೆ ಎಂದರೆ ನೆಟ್ಟನೆಯ ಕೆಲಸ. ಲೇಸರ್ ಮೀಟರಿನಲ್ಲಿ ಉದ್ದಗಲ, ಟೇಪಿನಲ್ಲಿ ಕಂಬದ ಸುತ್ತಳತೆ, ತೂಗುಗುಂಡು ಬಿಟ್ಟು ಗೋಡೆ ಎಷ್ಟು ವಾಲಿದೆ ಎಂದು ನೋಡುವುದು. ನಮ್ಮ ಕಡೆಯ ಮನೆಗಳ ಅಳತೆ ಅಂಕಣದಲ್ಲಿ. ನಾಲ್ಕು ಕಂಬಗಳ ನಡುವಿನ ಜಾಗ ಒಂದು ಅಂಕಣ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ, ಅದರ ಮೇಲೆ ಹಲಗೆ, ಬೇವಿನ ಸೊಪ್ಪು, ಕೊನೆಗೆ ನೀರು ಇಳಿಯಗೊಡದ ಸವಳು ಮಣ್ಣು. ಇದೇ ಮಾಳಿಗೆ. ಎಲ್ಲವೂ ಕಾಣುತ್ತದೆ, ಮಣ್ಣಿನ ದಪ್ಪವೊಂದನ್ನು ಬಿಟ್ಟು. ಅದನ್ನು ನಾವು ರೂಢಿಯಂತೆ ಒಂದು ಗೇಣು ಎಂದು ಹಾಕಿಬಿಡುತ್ತೇವೆ.

ಕೆಲಸದ ನಡುವೆ ಅವ್ವಾರು ದಿನಾ ನನ್ನನ್ನು ಕೇಳುತ್ತಿದ್ದರು: "ಆ ಕಡೆ ಆ ಹುಡುಗಗ ಏನ್ ತಿನ್ನಾಕ ಕೊಟ್ರು?"

"ಎರಡು ಶೇಂಗಾ ಉಂಡಿ, ಅವ್ವಾರ."

"ತಗೋ, ಮೂರು ತಿನ್ನು."

ಮರುದಿನದಿಂದ ಅವನಿಗೆ ಎರಡು ಕೊಟ್ಟರೆ ನಾನು ಮೂರು ಎನ್ನತೊಡಗಿದೆ. ನನಗೆ ನಾಲ್ಕು ಬಂದವು. ಮಾಡದ ಇಟ್ಟಂಗಿಯ ಆಚೆಗೂ ಇದೇ ಲೆಕ್ಕ ನಡೆಯುತ್ತಿತ್ತು ಎಂದು ಕಾಣುತ್ತದೆ. ಸಂಜೆ ಬಸ್ಸಿನಲ್ಲಿ ಇಬ್ಬರೂ ಹೊಟ್ಟೆ ಹಿಡಿದುಕೊಂಡೇ ಕೂರುತ್ತಿದ್ದೆವು. ಅವನು ಹೊಟ್ಟೆ ಹಿಡಿದುಕೊಳ್ಳುವುದರಲ್ಲೂ ಸದ್ದಿರಲಿಲ್ಲ.

ಆ ಬಸ್ಸಿನಲ್ಲಿ ಒಂದು ಸಲ ಅವನ ಪ್ಯಾಡು ನನ್ನ ತೊಡೆಯ ಮೇಲೆ ಜಾರಿತು. ಸಣ್ಣಮನಿ ತಲಬಾಗಿಲು ಬರೆದಿದ್ದ. ಬಾಗಿಲ ಕೆಳಗಿನ ಹೊಸ್ತಿಲು ನಡುವೆ ಸವೆದಿದ್ದನ್ನೂ ಬರೆದಿದ್ದ. ತಲೆಮಾರುಗಳ ಕಾಲು ಅಲ್ಲಿ ಕಾಣುತ್ತಿದ್ದವು. ನನ್ನ ನಕ್ಷೆಯಲ್ಲಿ ಹೊಸ್ತಿಲು ಎಂದರೆ ಒಂದು ನೆಟ್ಟನೆಯ ಗೆರೆ. ಪ್ಯಾಡು ಎತ್ತಿ ಕೊಟ್ಟೆ. "ಛಲೋ ಐತಿ" ಎಂಬುದು ಬಾಯಿಗೆ ಬಂತು. "ಹೊಸ್ತಿಲಾ ಸೊಟ್ಟ ಬಂದೈತಲ್ಲಪಾ" ಅಂದೆ.

ಅವತ್ತೇ ತೀರ್ಮಾನಿಸಿದೆ. ಇವನ ಕೈ ನಿಧಾನ. ಇವನು ಅರ್ಧ ಮನೆ ಮುಗಿಸುವುದರೊಳಗೆ ನಾನು ಇಡೀ ಮನೆ ಕೊಡಬೇಕು.

ಕಂಪ್ಯೂಟರಿನಲ್ಲಿ 'ಮಿರರ್' ಎಂಬ ಆಜ್ಞೆ ಇದೆ. ಅರ್ಧ ಬರೆದು ನಡುವೆ ಗೆರೆ ಎಳೆದರೆ ಇನ್ನರ್ಧ ತಾನಾಗಿ ಮೂಡುತ್ತದೆ. ನಕಲು ಮಾಡುವವನಿಗೆ ಹೇಳಿ ಮಾಡಿಸಿದ ಆಜ್ಞೆ. ಸಣ್ಣಮನಿಯ ಹೊಸ್ತಿಲು ದಾಟದೆ ಸಣ್ಣಮನಿ ಬರೆದೆ. ಹಾಗೆ ನೋಡಿದರೆ ತಪ್ಪೇನು? ಇದೇ ಬಡಗಿ, ಇದೇ ಅಳತೆ, 'ಹೆಂಗೈತೋ ಹಂಗ' ಎಂದು ಮನೆಯವರೇ ಹೇಳುತ್ತಾರೆ. ಮನೆಯನ್ನು ನಡುವೆ ಕೊಯ್ದು ಒಳಗಿನದನ್ನು ತೋರಿಸುವ ನಕ್ಷೆಗೆ ಸೆಕ್ಷನ್ ಎನ್ನುತ್ತೇವೆ, ಅದನ್ನೂ ಮಾಡಿದೆ. ಎರಡೂ ಕಡೆ ಒಂದೊಂದು ಗೇಣು ಮಣ್ಣು, ತಕ್ಕಡಿ ಹಿಡಿದಂತೆ.

ಸಾಹೇಬರು ಖುಷಿಯಾದರು. "ಭಪ್ಪರೆ! ಇಷ್ಟ್ ಲಗೂ?" ಎಂದು ನನ್ನ ಸೆಕ್ಷನ್ ಹಿಡಿದೇ ಹೊಸ ತೊಲೆಯ ದಪ್ಪ ಲೆಕ್ಕ ಹಾಕಿ, ಸವದತ್ತಿಯ ಬಡಿಗೇರರಿಗೆ ಸಾಗವಾನಿ ದಿಮ್ಮಿ ನೋಡಿಡಲು ಹೇಳಿದರು. ನನ್ನ ಹಾಳೆ ಬಕೆಟ್ಟಿನಿಂದ ಗೋಡೆಗೆ ಬಂತು. ಕಿತ್ತೂರಿನಲ್ಲಿ ಬಾಡಿಗೆಗೆ ಒಂದು ಖೋಲಿ ಸಿಗಬಹುದೇ ಎಂದು ಕಂಡವರನ್ನೆಲ್ಲ ಕೇಳಿದೆ.

ಆಮೇಲೆ ಅವನ ಹಾಳೆ ಬಂತು.

ಅವನ ಅರ್ಧ ಸೆಕ್ಷನ್ನಿನಲ್ಲಿ ಮಾಳಿಗೆಯ ಮಣ್ಣು ಒಂದು ಗೇಣಲ್ಲ, ಮೂರು ಗೇಣಿಗೂ ಮಿಕ್ಕಿತ್ತು. ಸಾಲದ್ದಕ್ಕೆ ಅಡುಗೆಮನೆಯ ಹೊಗೆಗಿಂಡಿಯೊಳಗೆ ನಡುಗೋಡೆಯಿಂದ ಒಂದು ಕಲ್ಲಿನ ದೋಣಿ ಮೂತಿ ಚಾಚಿತ್ತು, ಮಳೆನೀರು ಹೊರಗೆ ಬೀಳಲು ಮಾಳಿಗೆಯ ಅಂಚಿಗೆ ಇಡುತ್ತಾರಲ್ಲ, ಅಂಥದ್ದು.

ನನಗೆ ಹಬ್ಬ. "ಸರ, ಇದು ಮಾಳಿಗ್ಯೋ ಹೊಲಾನೋ? ಹಿಂಗಾರಿ ಜ್ವಾಳಾ ಬಿತ್ತಬಹುದು. ಮತ್ತ ಅಡಗಿಮನ್ಯಾಗ ದೋಣಿ! ಮಳಿನೀರು ಸೀದಾ ಸಾರಿನ ಗಡಗಿಗೇ ಬೀಳ್ಲೆಂತ ಇಟ್ಟಾರೇನು?"

ಸಾಹೇಬರು ನಕ್ಕರು. ಅವನತ್ತ ತಿರುಗಿ "ಖರೇನ ಹಿಂಗೈತೇನಪಾ?" ಅಂದರು.

"ಐತ್ರಿ."

"ಇನ್ನೊಮ್ಮೆ ಹೋಗಿ ನೋಡ್ಕೊಂಡು ಬಾ."

"ಆತ್ರಿ."

ವಾದ ಮಾಡಲಿಲ್ಲ, ಸಿಟ್ಟಾಗಲಿಲ್ಲ. ಹಾಳೆ ಮಡಚದೆ, ಹಾಗೇ ಹಲಗೆಗೆ ಸಿಕ್ಕಿಸಿಕೊಂಡು ಬಸ್ಸಿಗೆ ಹೊರಟ. ನನಗೆ ತಡೆಯಲಾಗಲಿಲ್ಲ. ಇವನು ಸುಳ್ಳು ಬರೆದಿದ್ದಾನೆ ಎಂದು ಅವನ ಕಣ್ಣ ಮುಂದೆಯೇ ತೋರಿಸಬೇಕೆಂದು ನಾನೂ ಬೆನ್ನಿಗೆ ಬಿದ್ದೆ. ತೊಲೆಗೆ ಆಸರೆಯ ಊರುಗೋಲು ಕೊಡುವ ಜಾಗ ನೋಡಬೇಕೆಂದು ಸಾಹೇಬರೂ ತಮ್ಮ ಗಾಡಿಯಲ್ಲಿ ಆಮೇಲೆ ಬರುವವರಿದ್ದರು.

ಸಣ್ಣಮನಿಗೆ ನನಗೆ ಪ್ರವೇಶವಿಲ್ಲ. ಆದರೆ ದೊಡ್ಡಮನಿ ಮಾಳಿಗೆ ನನ್ನದೇ. ನಿಚ್ಚಣಿಕೆ ಹಾಕಿ ಹತ್ತಿದೆ. ನಾನು ಅದುವರೆಗೂ ಮಾಳಿಗೆ ಹತ್ತಿರಲಿಲ್ಲ. ಬಿಸಿಲು ಬಹಳ ಇತ್ತು, ಕಂಪ್ಯೂಟರಿಗೆ ಬೇಕಾಗಿಯೂ ಇರಲಿಲ್ಲ. ಅವ್ವಾರ ಅಡುಗೆಮನೆಗೆ ಗ್ಯಾಸ್ ಬಂದ ಮೇಲೆ ಹೊಗೆಗಿಂಡಿಯ ಮೇಲೆ ತಗಡು ಹೊದಿಸಿ ಕಲ್ಲು ಹೇರಿದ್ದರು. ಕಲ್ಲು ಸರಿಸಿ ತಗಡು ಎತ್ತಿದೆ. ಹಳೆಯ ಕಾಲದ ಮಸಿಯೆಲ್ಲ ಒಮ್ಮೆಲೇ ಕೆಳಗೆ ಇಳಿಯಿತು.

"ಯಾರ್ಲೇ ಅಂವಾ!" ಕೆಳಗಿನಿಂದ ಅವ್ವಾರ ದನಿ. "ಹಾಲಿನ ಬೋಗಾಣ್ಯಾಗೆಲ್ಲಾ ಇದ್ದಲಿ ಬಿತ್ತಲ್ಲೋ, ನಿನ್ನ ಬಾಯಾಗ ಹುಳಾ ಬೀಳ್ಲಿ!"

"ನಾನ್ರಿ ಅವ್ವಾರ, ಅಳತಿ ತಗಿಯಾಕತ್ತೇನ್ರಿ!"

"ಹಾಲಿಂದೇನ್ ಅಳತಿ ತಗೀತೀಯೋ?"

ಟೇಪಿನ ತುದಿಗೆ ಕಲ್ಲು ಕಟ್ಟಿ ಕಿಂಡಿಯ ಅಂಚಿನಿಂದ ಕೆಳಗಿನ ಹಲಗೆಯವರೆಗೆ ಬಿಟ್ಟೆ. ಟೇಪು ಹೋಗುತ್ತಲೇ ಇತ್ತು. ಓದಿದೆ. ಮತ್ತೊಮ್ಮೆ ಓದಿದೆ. ಅಷ್ಟರಲ್ಲಿ ಸಾಹೇಬರ ಗಾಡಿ ಬಂದು ನಿಂತಿತ್ತು, ಅವನು ಸಣ್ಣಮನಿ ಮಾಳಿಗೆಯ ಮೇಲೆ ಹೊಗೆಗಿಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ನಾನು ಎದ್ದು ನಿಂತು ಟೇಪು ಗಾಳಿಯಲ್ಲಿ ಬೀಸಿದೆ.

"ಸರ! ಸರ! ನನ್ನ ಕಡೀದು ಅವಂದಕ್ಕಿಂತ ನಾಕ ಬೆರಳ ಹೆಚ್ಚೈತ್ರಿ! ಗೆದ್ನಿ!"

ಸಾಹೇಬರು ಕೆಳಗಿನಿಂದ ತಲೆ ಎತ್ತಿ, ಹಣೆಗೆ ಕೈ ಅಡ್ಡ ಇಟ್ಟು ನೋಡಿದರು.

"ಏನ್ ಗೆದ್ದಿಲೇ? ನಿನ್ನ ನಕ್ಷಾದಾಗ ಒಂದು ಗೇಣ ಇತ್ತಲ್ಲೋ?"

ಬೀಸುತ್ತಿದ್ದ ಟೇಪು ಹಾಗೇ ನಿಂತಿತು. ಆಚೆ ಮಾಳಿಗೆಯಲ್ಲಿ ಅವನು ನನ್ನನ್ನೇ ನೋಡುತ್ತಿದ್ದ. ನಗಲಿಲ್ಲ. ನಕ್ಕಿದ್ದರೆ ಬಯ್ಯಬಹುದಿತ್ತು.

ಅವತ್ತು ಮಧ್ಯಾಹ್ನ ಎರಡೂ ಮಾಳಿಗೆ ಸುತ್ತಾಡಿದ ಮೇಲೆ ಮನೆಯ ನಿಜವಾದ ಚರಿತ್ರೆ ಗೊತ್ತಾಯಿತು. ಅಡುಗೆಮನೆಯ ದೋಣಿ ನಿಜ. ಕಾಕಾ ಅದಕ್ಕೆ ಜರಡಿ ನೇತುಹಾಕುತ್ತಿದ್ದರು. ಅದು ಅಣ್ಣನ ಮನೆಯ ದೋಣಿ. ಎಂದರೆ ಮೊದಲು ಅಣ್ಣನ ಮನೆ ಒಂದೇ ಇತ್ತು, ಈ ನಡುಗೋಡೆ ಆಗ ಹೊರಗೋಡೆ, ಅದರ ಮಳೆನೀರು ಇತ್ತ ಬಯಲಿಗೆ ಬೀಳುತ್ತಿತ್ತು. ತಮ್ಮ ಅದೇ ಗೋಡೆಗೆ ಆನಿಸಿ ತನ್ನ ಮನೆ ಕಟ್ಟಿದಾಗ ದೋಣಿ ಒಳಗೆ ಸಿಕ್ಕಿಕೊಂಡಿತು, ಬಾಯಿಗೆ ಗಾರೆ ಬಿತ್ತು. ಆಮೇಲೆ ನೀರಿಗೆ ದಾರಿ ಒಂದೇ: ಯಾರ ಮಾಳಿಗೆ ತಗ್ಗೋ ಅವರ ಕಡೆ. ನಮ್ಮ ಕಡೆ ಪ್ರತಿ ವರ್ಷ ಮಿರಗಕ್ಕೆ ಮುಂಚೆ ಮಾಳಿಗೆಗೆ ಹೊಸ ಸವಳು ಮಣ್ಣು ಹಾಕಿ ತುಳಿಯುವುದು ರೂಢಿ. ಹಳೆಯದನ್ನು ಕೆರೆದು ತೆಗೆದು ಹಾಕಬೇಕು. ಇವರು ತೆಗೆಯಲಿಲ್ಲ. ದೊಡ್ಡಮನಿಯವರು ಎಷ್ಟು ಬುಟ್ಟಿ ಹಾಕಿದರು ಎಂದು ಸಣ್ಣಮನಿಯವರು ನೋಡಿ ಒಂದು ಬುಟ್ಟಿ ಜಾಸ್ತಿ ಹಾಕಿದರು. ಅದನ್ನು ನೋಡಿ ಇವರು ಇನ್ನೊಂದು. ಹೊಗೆಗಿಂಡಿಯ ಬದಿಯಲ್ಲಿ ದೋಣಿಯಿಂದ ಮೇಲಕ್ಕೆ ಪದರದ ಮೇಲೆ ಪದರ ಎದ್ದು ಕಾಣುತ್ತಿತ್ತು. ಅಷ್ಟೂ ತಲೆಮಾರಿನ ಹೊಟ್ಟೆಕಿಚ್ಚು ಆ ತೊಲೆಯ ಮೇಲೆ ಕೂತಿತ್ತು. ವರ್ಲಿಯನ್ನು ಸುಮ್ಮನೆ ಬಯ್ದಿದ್ದೆವು.

ಸಾಹೇಬರು ಗಾಡಿಯ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಭಾರದ ಲೆಕ್ಕ ಮತ್ತೆ ಹಾಕಿದರು. ನನ್ನ ಒಂದು ಗೇಣಿನ ಲೆಕ್ಕದ ತೊಲೆ ಹಾಕಿದ್ದರೆ ಅದೂ ಬಾಗುತ್ತಿತ್ತು, ಪಡಸಾಲೆಯಲ್ಲಿ ಜನ ಕೂತಿರುವಾಗಲೇ. ಬಡಿಗೇರರಿಗೆ ಫೋನು ಹೋಯಿತು: "ದಿಮ್ಮಿಗೆ ಕರಗಸಾ ಹಚ್ಚಬ್ಯಾಡ್ರಿ." ಗೋಡೆಗೆ ಅಂಟಿಸಿದ್ದ ನನ್ನ ಹಾಳೆಯ ಗತಿ ಏನೆಂದು ನನಗೆ ಕೇಳಬೇಕಾಗಿರಲಿಲ್ಲ.

ಔಷಧ ಸರಳ, ಮಣ್ಣು ಇಳಿಸುವುದು. ಕುಡಿಸುವುದು ಕಷ್ಟ. ಕಟ್ಟೆಯ ಮೇಲೆ ಇಬ್ಬರು ಯಜಮಾನರನ್ನೂ ಕೂರಿಸಿ ಸಾಹೇಬರು ವಿಷಯ ಹೇಳಿದರು.

"ಅವರು ಮೊದಲ ಇಳಸ್ಲಿ, ಆಮ್ಯಾಲ ನಾವು" ಅಂದರು ಅವ್ವಾರು.

"ನಾವು ಮೊದಲ ಇಳಿಸಿದ್ರ ಇವರ ನೀರೆಲ್ಲಾ ನಮ್ಮ ನೆತ್ತಿ ಮ್ಯಾಲ, ಹೌದಿಲ್ಲೋ? ಬಾಗಿದ್ದು ಅವರ ತೊಲಿ. ನಮ್ಮದು ಗಟ್ಟಿ ಐತಿ."

"ಗಟ್ಟಿ ಇದ್ರ ನಿಂದ ಮಣ್ಣು ನಿನ್ನ ತಲೀ ಮ್ಯಾಲ ಇಟ್ಕೋಪಾ."

ಸಾಹೇಬರು "ಆಗ್ತದ್ರಿ, ಆಗ್ತದ" ಅನ್ನುತ್ತ ಮೂರು ಸಲ ಎದ್ದು ಮೂರು ಸಲ ಕೂತರು. ಆಗ ರಾಮದುರ್ಗದವನು ಬಾಯಿ ಬಿಟ್ಟ. ಅವನನ್ನು ಕಂಡಾಗಿನಿಂದ ನಾನು ಕೇಳಿದ ಅತಿ ಉದ್ದದ ಮಾತು ಅದು:

"ಒಂದ ಕಡೆ ಅಷ್ಟ ತಗದ್ರ ನಡು ಗ್ವಾಡಿ ವಾಲತೈತ್ರಿ. ಎರಡೂ ಕಡೆ ಕೂಡೇ ಇಳಸಬೇಕ್ರಿ."

ಇಬ್ಬರೂ ತಲೆಯಾಡಿಸಿದರು. ಅವನ ಮಾತಿಗೆ ಎಲ್ಲರೂ ತಲೆಯಾಡಿಸುತ್ತಾರೆ. ಅದು ನನಗೆ ಚುಚ್ಚಿತು. ಆದರೆ ತಲೆಯಾಡಿಸಿದವರ ಕಣ್ಣು ನಾನು ನೋಡಿದೆ. ಆ ಕಣ್ಣು ನನಗೆ ಪರಿಚಯದ್ದು. ಬಸ್ಸಿನಲ್ಲಿ ಅವನ ಪ್ಯಾಡು ನೋಡುವಾಗ ನನ್ನದು ಹಾಗೇ ಇರುತ್ತಿತ್ತು. ಕೂಡೇ ಇಳಿಸುತ್ತೇವೆ ಎಂದು ಒಪ್ಪಿಕೊಂಡು, ಆಚೆಯವನು ಸಂಜೆಗೆ ಒಂದು ಬುಟ್ಟಿ ಹಿಂದೆ ಉಳಿಸಿಕೊಂಡರೆ? ಆ ಅನುಮಾನ ಇರುವ ತನಕ ಒಂದು ಹಿಡಿ ಮಣ್ಣೂ ಇಳಿಯುವುದಿಲ್ಲ. ಸಾಹೇಬರಿಗೆ ಭಾರ ಗೊತ್ತು, ಅವನಿಗೆ ಗೋಡೆ ಗೊತ್ತು. ಉರಿ ಗೊತ್ತಿದ್ದವನು ಅಲ್ಲಿ ನಾನೊಬ್ಬನೇ.

"ಅವ್ವಾರ," ಅಂದೆ, "ನೀವು ಹೋಗಿ ಸಣ್ಣಮನಿ ಮಾಳಿಗಿ ಮ್ಯಾಲ ಕುಂಡ್ರಿ. ಕಾಕಾ, ನೀವು ಬಂದು ದೊಡ್ಡಮನಿ ಮಾಳಿಗಿ ಮ್ಯಾಲ ಕುಂಡ್ರಿ. ಅಲ್ಲಿಂದ ಒಂದು ಬುಟ್ಟಿ ಇಳಿದ ಮ್ಯಾಲ ಇಲ್ಲಿಂದ ಒಂದು. ನೀವು ಕಾಯೂದು ನಿಮ್ಮದನ್ನಲ್ಲ, ಅವರದನ್ನ."

ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನನ್ನ ದನಿ ತಗದಂವ ಇಂವನ ಅಲ್ಲೇನು?"

"ನಾನ ರೀ ಕಾಕಾ."

"ಮಾತು ಖರೇ ಐತಿ, ಹೌದಿಲ್ಲೋ?" ಎಂದು ಅವ್ವಾರನ್ನು ಕೇಳಿದರು. ಅವ್ವಾರು "ಹೌದು" ಅಂದುಬಿಟ್ಟು, ಅಂದದ್ದಕ್ಕೆ 'ಇಶ್ಶೀ' ಎಂದು ತಾವೇ ಮುಖ ತಿರುವಿದರು.

ಮರುದಿನ ಬೆಳಿಗ್ಗೆ ಸೀಳಿದ ಬೋದಿಗೆಯ ಎರಡೂ ಬದಿಗೆ ಊರುಗೋಲು ಕೊಟ್ಟು ಕೆಲಸ ಶುರು ಮಾಡಿದೆವು. ಅವ್ವಾರು ಕೊಡೆ, ಚಾಪೆ, ಎಲೆಯಡಿಕೆ ಚೀಲ ಸಮೇತ ಶತ್ರುವಿನ ಮಾಳಿಗೆ ಏರಿದರು. ಕಾಕಾ ಪ್ಲಾಸ್ಟಿಕ್ ಕುರ್ಚಿ ಹೊರಿಸಿಕೊಂಡು ಬಂದರು. ಆಳುಗಳು ಗುದ್ದಲಿ ಹಾಕಿದಂತೆ "ತುಂಬ್ಲೋ, ಬುಟ್ಟಿ ಬಾಯಿ ತನಕ ತುಂಬು!" ಎಂದು ಇಬ್ಬರೂ ಒಬ್ಬರ ಮಣ್ಣಿಗೆ ಇನ್ನೊಬ್ಬರು ಅವಸರ ಮಾಡಿದರು. ನಾನು ಕಂಡ ಯಾವ ಕೆಲಸವೂ ಅಷ್ಟು ಜೋರಾಗಿ ನಡೆದದ್ದಿಲ್ಲ. ಪದರಗಳ ನಡುವೆ ಬಳೆಚೂರು, ಗೋಲಿ, ಗಾಳಿಪಟದ ದಾರ ಸಿಕ್ಕವು. ಗೋಲಿ ಯಾರ ಮನೆಯದೆಂದು ಅರ್ಧ ಗಂಟೆ ಜಗಳವಾಯಿತು. ಒಂದು ಸಲ ಅವ್ವಾರು ಕೊಡೆ ಓರೆ ಮಾಡಿ ಕೆಳಗೆ ನೋಡಿ, "ನಮ್ಮ ತಲಬಾಗಲಾ ಈ ಕಡಿಂದ ನೋಡಿದ್ರ ಚಂದ ಕಾಣತೈತಿ ನೋಡು" ಅಂದರು. ಕಾಕಾ ಆಚೆಯಿಂದ, "ನಾ ದಿನಾ ನೋಡ್ತೇನಲ್ಲ" ಅಂದರು. ಇಬ್ಬರೂ ಸ್ವಲ್ಪ ಹೊತ್ತು ಆಳುಗಳಿಗೆ ಅವಸರ ಮಾಡುವುದನ್ನು ಮರೆತರು.

ಮಣ್ಣು ಒಂದು ಗೇಣಿಗೆ ಇಳಿದ ಮೇಲೆ ಕಡೆಯ ಪರೀಕ್ಷೆ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಒಂದು ತುದಿ ಆಚೆ, ಒಂದು ತುದಿ ಈಚೆ. ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅದರಿಂದ ಕೆಳಗೆ ಮಣ್ಣಿನವರೆಗೆ ಅಳೆದರೆ ಯಾರದು ಎತ್ತರ ಎಂಬುದು ಗೊತ್ತಾಗುತ್ತದೆ. ಒಂದು ತುದಿ ಅವನ ಕೈಯಲ್ಲಿ, ಒಂದು ನನ್ನ ಕೈಯಲ್ಲಿ. ಅವನ ಬೆನ್ನ ಹಿಂದೆ ಅವ್ವಾರು ಬಗ್ಗಿ ನೋಡುತ್ತಿದ್ದರು, ನನ್ನ ಬೆನ್ನ ಹಿಂದೆ ಕಾಕಾ.

"ಎಷ್ಟ್ ಬಂತು?" ಎಂದು ನಾನು ಕೂಗಿದೆ. ಅವನು ಹೇಳಿದ. ನನ್ನದೂ ಅಷ್ಟೇ. ಒಂದು ಕೂದಲು ಹೆಚ್ಚು ಹೇಳೋಣ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಕಚ್ಚಿ ಹಿಡಿದೆ.

ನೀರು ಮತ್ತೆ ಯಾರ ತಲೆಯ ಮೇಲೂ ಬೀಳದಿರಲೆಂದು ನಡುಗೋಡೆಯ ನೆತ್ತಿಯ ಮೇಲೆ ಉದ್ದಕ್ಕೂ ಕಲ್ಲಿನ ಕಾಲುವೆ ಇಟ್ಟು ಹಿತ್ತಲಿಗೆ ಹರಿಸಿದೆವು. ಎರಡೂ ಮಾಳಿಗೆಯ ಇಳಿಜಾರು ಅದರ ಕಡೆಗೆ. ತೊಲೆ ಬದಲಿಸುವ ಅಗತ್ಯ ಬೀಳಲಿಲ್ಲ. ಭಾರ ಇಳಿದ ಮೇಲೆ ಜಾಕಿ ಕೊಟ್ಟು ಇಷ್ಟಿಷ್ಟೇ ಎತ್ತಿ, ಬಡಿಗೇರರು ಬೋದಿಗೆಯೊಂದನ್ನು ಹೊಸದು ಕೂರಿಸಿದರು. ಮಿರಗದ ಮೊದಲ ಮಳೆಗೆ ನಾವೆಲ್ಲ ಹಿತ್ತಲಲ್ಲಿ ನಿಂತಿದ್ದೆವು. ಕಾಲುವೆಯ ಬಾಯಿಂದ ನೀರು ಬಿತ್ತು. ಅದು ಯಾರ ನೀರು ಎಂದು ಹೇಳಲು ಆಗದ್ದಕ್ಕೆ ಅವ್ವಾರೂ ಕಾಕಾನೂ ಒಂದಿಷ್ಟು ಬೇಜಾರಾದಂತೆ ಕಂಡಿತು.

ಕಡೆಯ ದಿನ ಅವ್ವಾರ ಪಡಸಾಲೆಯಲ್ಲಿ, ಅದೇ ತೊಲೆಯ ಕೆಳಗೆ ಊಟ. ಎರಡೂ ಮನೆಯಿಂದ ಹೋಳಿಗೆ ಬಂತು. ಅವ್ವಾರು ಎರಡು ಹಾಕಿದರೆ ಕಾಕಾ ಮೂರು ಹಾಕಿಸಿದರು. ಹೊಟ್ಟೆ ಬಿರಿಯುವ ಹೊತ್ತಿಗೆ ಸಾಹೇಬರು ಕೈ ತೊಳೆದು ಬಂದು ಕಂಬಕ್ಕೆ ಆನಿ ಕೂತರು.

"ಕಿತ್ತೂರಿಗೆ ಇಂವ ಹೊಕ್ಕಾನ" ಅಂದರು, ಅವನ ಹೆಗಲ ಮೇಲೆ ಕೈ ಇಟ್ಟು. ಆಮೇಲೆ ನನ್ನ ಕಡೆ: "ನೀನೂ ಹೋಗು. ಇಂವನ ಕೈ ಕೆಳಗ. ಇಂವ ಕಂಡದ್ದನ್ನ ಬರೀತಾನ. ಮಂದಿ ಜಗಳಾ ಮಾಡಿದ್ರ ನೀ ನೋಡ್ಕೋ."

ಅವನ ಕೈ ಕೆಳಗೆ. ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ಇಳಿಸಿದೆ.

"ಏನಪಾ," ಎಂದು ಕಾಕಾ ಅವನನ್ನು ಕೇಳಿದರು, "ಇಷ್ಟ್ ದಿನಾ ನಮ್ಮ ಮನಿ ಉಂಡಿ ತಿಂದಿ. ಹೋಗೂ ಮುಂದಾದ್ರೂ ಒಂದೀಟು ಮಾತಾಡಲ್ಲ?"

ಅವನು ಟವೆಲು ಎತ್ತಿಕೊಂಡ. ಕೈ ಒರೆಸಿಕೊಂಡ. ಎದ್ದು ನಿಂತ. ತಲೆಗೂದಲಿಗೆ ಬೆರಳಾಡಿಸಿ, ಒಂದು ಹೆಗಲು ಮೇಲಕ್ಕೆ ಎತ್ತಿ, ಕತ್ತು ಇಷ್ಟೇ ಇಷ್ಟು ಓರೆ ಮಾಡಿದ. ಆ ಟವೆಲನ್ನೇ ಟೇಪಿನಂತೆ ಗಾಳಿಯಲ್ಲಿ ಬೀಸಿ, ನನ್ನ ದನಿಯಲ್ಲಿ, ನನ್ನದೇ ದನಿಯಲ್ಲಿ ಕೂಗಿದ:

"ಸರ! ಸರ! ನನ್ನ ಕಡೀದು ನಾಕ ಬೆರಳ ಹೆಚ್ಚೈತ್ರಿ! ಗೆದ್ನಿ!"

ಅವ್ವಾರು ಗೋಡೆ ಹಿಡಿದುಕೊಂಡರು. ಕಾಕಾ ನಗುತ್ತ ನಗುತ್ತ ಕೆಮ್ಮು ಹತ್ತಿಸಿಕೊಂಡರು. ಎಲ್ಲರಿಗಿಂತ ಜೋರಾಗಿ ನಕ್ಕವರು ಸಾಹೇಬರು. ಕಣ್ಣಲ್ಲಿ ನೀರು ಬಂದು ಕನ್ನಡಕ ತೆಗೆದರು. ನನ್ನ ಯಾವ ನಕಲಿಗೂ ಅವರು ಕನ್ನಡಕ ತೆಗೆದಿದ್ದಿಲ್ಲ. ಅವನು ಕೂತು ಮತ್ತೆ ಮೊದಲಿನಂತೆ ಗೋಡೆಯಾದ.

ಕಿತ್ತೂರು ಅವನಿಗೆ ಹೋದದ್ದನ್ನು ನಾನು ನುಂಗಿಕೊಂಡೆ. ಆ ನಕಲು ಮಾತ್ರ ಇನ್ನೂ ಇಳಿದಿಲ್ಲ. ಈಗ ಇಬ್ಬರೂ ಇಲ್ಲಿ ಕಿತ್ತೂರಿನಲ್ಲಿ ಒಂದೇ ಖೋಲಿಯಲ್ಲಿದ್ದೇವೆ. ಬೆಳಿಗ್ಗೆ ವಾಡೆಗೆ ಹೊರಡುವಾಗ ಮೊನ್ನೆ ಅಂದೆ: "ಇನ್ನೊಮ್ಮೆ ಮಾಡಪಾ ನನ್ನ ನಕಲಿ. ಎಲ್ಲೆಲ್ಲಿ ತಪ್ಪೈತಿ ತೋರಸ್ತೇನಿ."

"ಇಲ್ರಿ" ಅಂದ.

ತಪ್ಪು ಎಲ್ಲೂ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು.